ಬುಧವಾರದ ಹುಲ್ಲು

ಹುಲ್ಲು ಕೊಯ್ಯಲು ದುಡ್ಡು ಕೊಟ್ಟು ಆಳು ಇಡೋಣ ಎಂದು ಮಗ ಬಾಯಿಬಿಟ್ಟ ದಿನ ಕತ್ತರಿ ಮಾಸ್ತರು ಊಟ ಅರ್ಧಕ್ಕೇ ಬಿಟ್ಟು ಎದ್ದರು.

"ನನ್ನ ಕೈಯೇನು ಬಿದ್ದುಹೋಗಿದೆಯೇನೋ? ನಾನು ಗಟ್ಟಿಯಾಗಿ ಕೂತಿರುವಾಗಲೇ ನನ್ನ ಅಂಗಳಕ್ಕೆ ಇನ್ನೊಬ್ಬನ ಕೈಲಿ ಕ್ಷೌರ ಮಾಡಿಸ್ತೀಯಾ?"

"ಅಪ್ಪ, ನಾನು ಹೇಳಿದ್ದು ಹುಲ್ಲಿನ ವಿಷಯ. ನಿಮ್ಮ ಕೈ ವಿಷಯ ಅಲ್ಲ."

"ನನಗೆ ಎರಡೂ ಒಂದೇ."

ಒಂದೇ ಆಗಿತ್ತು, ಸುಳ್ಳಲ್ಲ. ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವುದೇ ಅವರ ಜೀವಮಾನದ ಕೆಲಸ. ಬೇರೆಯವರು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅಳೆದು, ಮತ್ತೆ ಅಳೆದು, ದೇವರನ್ನು ನೆನೆದು ಕತ್ತರಿ ಹಾಕುತ್ತಿದ್ದರೆ ಇವರು ಬಟ್ಟೆಯನ್ನು ಒಮ್ಮೆ ಅಂಗೈಯಲ್ಲಿ ಸವರಿ ಗುರುತಿಲ್ಲದೆ ಕತ್ತರಿಸುತ್ತಿದ್ದರು. ಕೋಟಿನ ತೋಳು ತೋಳಿನ ಜಾಗಕ್ಕೇ ಬಂದು ಕೂರುತ್ತಿತ್ತು. ಅದಕ್ಕೇ ಕತ್ತರಿ ಮಾಸ್ತರು ಎಂಬ ಹೆಸರು ಬಂದಿದ್ದು. ಕೆಲಸದಿಂದ ನಿವೃತ್ತರಾದ ಮೇಲೂ ಬುಧವಾರ ಬುಧವಾರ ಹಳೆಯ ಅಂಗಡಿಗೆ ಹೋಗುತ್ತಿದ್ದರು. ಅವರ ಹತ್ತಿರ ಕಲಿತವನೇ ಈಗ ಅಲ್ಲಿ ಮಾಲೀಕ. ಗುರುಗಳಿಗೆಂದು ಒಂದು ಕೋಟಿನ ಬಟ್ಟೆ ಎತ್ತಿಟ್ಟಿರುತ್ತಿದ್ದ. ಮಾಸ್ತರು ಅದನ್ನು ಕತ್ತರಿಸಿ, ಟೀ ಕುಡಿದು, ಹೊಸ ಹುಡುಗರನ್ನೆಲ್ಲ ಬೈದು ಸಂಜೆ ಹಿಗ್ಗಿ ಬರುತ್ತಿದ್ದರು.

ಉಳಿದ ದಿನಗಳಲ್ಲಿ ಅವರ ಪ್ರಾಣವೆಲ್ಲ ಅಂಗಳದ ಮೇಲೆ. ಬೀದಿಯ ಕೊನೆಯ ಮನೆ ಅವರದು. ರಸ್ತೆ ಅಲ್ಲಿ ಸೊಟ್ಟಗೆ ತಿರುಗಿದ್ದರಿಂದ ಪಕ್ಕದವರಿಗೆಲ್ಲ ಅಂಗೈಯಗಲದ ಅಂಗಳ ಸಿಕ್ಕರೆ ಇವರಿಗೆ ಮೈದಾನದಂಥದ್ದು ಸಿಕ್ಕಿತ್ತು. ಪ್ರತಿ ಭಾನುವಾರ ಬೆಳಗಿನ ತಿಂಡಿಯಾದ ಮೇಲೆ ಹುಲ್ಲು ಕೊಯ್ಯುವ ಮೆಷಿನ್ನು ಹೊರಗೆಳೆದು, ಹಗ್ಗ ಜಗ್ಗಿ, ಅದು ಕೆಮ್ಮಿ ಕೆಮ್ಮಿ ಶುರುವಾಗುವ ಹೊತ್ತಿಗೆ ತಾವೂ ಕೆಮ್ಮಿ, ಗೋಡೆಯ ಕಡೆಯಿಂದ ಗೇಟಿನ ಕಡೆಗೆ ನಡೆಯುತ್ತಿದ್ದರು. ಇತ್ತೀಚೆಗೆ ಕಣ್ಣಿನ ನಡುವೆ ಒಂದು ಮಸುಕು ಬಂದಿತ್ತು. ಕನ್ನಡಕದ ಅಂಗಡಿಯವನು ಕಳ್ಳ, ತಪ್ಪು ಗಾಜು ಹಾಕಿದ್ದಾನೆ ಎಂದು ಅವರ ವಾದ. ಗಾಜು ಬದಲಾಯಿಸಿದರೂ ಮಸುಕು ಹೋಗಲಿಲ್ಲ, ವಾದವೂ ಹೋಗಲಿಲ್ಲ.

ಸೊಸೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಅವಳು ಮಾತ್ರ ನೇರವಾಗಿ ಹೇಳಿದಳು. "ಮಾವ, ಹೋದ ವಾರ ನಿಮ್ಮ ಚಪ್ಪಲಿಯ ತುದಿ ಕತ್ತರಿಸಿ ಹೋಯ್ತು. ಇನ್ನು ಸ್ವಲ್ಪದರಲ್ಲಿ ಬೆರಳು."

"ಚಪ್ಪಲಿ ಹಳೇದಿತ್ತು ಕಣಮ್ಮ."

"ಬೆರಳೂ ಹಳೇದೇ ಅಲ್ವಾ ಮಾವ?"

ಮೊಮ್ಮಗಳು ಕಿಸಕ್ಕನೆ ನಕ್ಕಳು. ಹೊಲಿಗೆ ಮೆಷಿನ್ನಿನ ದಾರದ ಉರುಳೆಯ ಹಾಗೆ ಒಂದು ಕಡೆ ನಿಲ್ಲದೆ ಗಿರಗಿರ ತಿರುಗುವ ಹುಡುಗಿಯೆಂದು ಮಾಸ್ತರು ಅವಳಿಗೆ ಬಾಬಿನ್ ಎಂದು ಹೆಸರಿಟ್ಟಿದ್ದರು. ಅವರ ಸೂಜಿಗೆ ದಾರ ಪೋಣಿಸುವವಳು ಅವಳೇ. ದಾರ ಕಪ್ಪೋ ನೀಲಿಯೋ ಹೇಳುವವಳೂ ಅವಳೇ. ಅವಳು ಕಪ್ಪು ಎಂದರೆ ಕಪ್ಪು, ಮರುಮಾತಿಲ್ಲ.

ಆಮೇಲೆ ಒಂದು ದಿನ ಜಗಳ ಇದ್ದಕ್ಕಿದ್ದಂತೆ ನಿಂತಿತು. "ಆಯ್ತಪ್ಪ, ನೀವೇ ಕೊಯ್ಕೊಳ್ಳಿ" ಎಂದ ಮಗ. "ನಿಮ್ಮಿಷ್ಟ ಮಾವ" ಎಂದಳು ಸೊಸೆ. ಹೆಂಡತಿಯಂತೂ ಭಾನುವಾರ ತಾನೇ ಒಂದು ತಂಬಿಗೆ ಮಜ್ಜಿಗೆ ತಂದು ಹೊಸಿಲ ಮೇಲಿಟ್ಟಳು. ಮದುವೆಯಾದಾಗಿನಿಂದ ಒಂದು ಮಾತನ್ನೂ ವಾದವಿಲ್ಲದೆ ಒಪ್ಪದ ಹೆಂಗಸು! ಮಾಸ್ತರಿಗೆ ಆಗಲೇ ಅನುಮಾನ ಬರಬೇಕಿತ್ತು. ಗೆದ್ದ ಖುಷಿಯಲ್ಲಿ ಬರಲಿಲ್ಲ.

ಅಲ್ಲಿಂದ ಮುಂದೆ ಅಂಗಳ ಹೊಳೆಯತೊಡಗಿತು. ಎದುರುಮನೆಯ ಬ್ಯಾಂಕಿನವರು ಬೇಲಿಯ ಮೇಲೆ ಮೊಣಕೈಯೂರಿ, "ಏನು ಮಾಸ್ತರೇ, ಕಂಬಳಿ ಹಾಸಿದ ಹಾಗಿದೆಯಲ್ಲ! ನಮ್ಮದು ನೋಡಿ, ಕುರಿ ಮೇಯ್ದ ಹಾಗಿದೆ" ಎಂದರು.

"ಕೈ ಬೇಕು ಸ್ವಾಮಿ, ಕೈ. ನೀವು ಜೀವಮಾನವೆಲ್ಲ ಬೇರೆಯವರ ನೋಟು ಎಣಿಸಿದ್ರಿ. ಹುಲ್ಲಿಗೆ ಅದೆಲ್ಲ ಗೊತ್ತಾಗುತ್ತೆ."

ಬ್ಯಾಂಕಿನವರು ನಕ್ಕು, ಯಾಕೋ ಬೇಗ ಒಳಗೆ ಹೋದರು. ರಾತ್ರಿ ಊಟದ ಹೊತ್ತಿಗೆ ಮಾಸ್ತರು ಇದನ್ನೇ ಉಪ್ಪು ಖಾರ ಹಚ್ಚಿ ಹೇಳಿದರು. "ಈಗೀಗ ಹುಲ್ಲು ಬೆಳೆಯೋದೇ ಕಮ್ಮಿಯಾಗಿದೆ ನೋಡು. ನನ್ನ ಕೈ ಕಂಡರೆ ಅದಕ್ಕೂ ಭಯ." ಸೊಸೆ ನೀರು ತರುವ ನೆಪದಲ್ಲಿ ಎದ್ದಳು. ಮಗ ತಟ್ಟೆಯಲ್ಲಿ ಏನನ್ನೋ ಹುಡುಕಿದ.

ಹೀಗಿರುವಾಗ ಒಂದು ಭಾನುವಾರ ಬಾಬಿನ್ ಹಿಂದಿನ ಮೂಲೆಯಿಂದ ಓಡಿ ಬಂದು ಅವರ ಪಂಚೆ ಎಳೆದಳು. "ಅಜ್ಜ, ಮೆಷಿನ್ ನಿಲ್ಸಿ! ಮೊಟ್ಟೆ ಇದೆ ಅಲ್ಲಿ!"

ನೆಲದ ಮೇಲೆ ಮೊಟ್ಟೆಯಿಡುವ ಟಿಟ್ಟಿಭ ಹಕ್ಕಿ ಹುಲ್ಲಿನ ನಡುವೆ ನಾಲ್ಕು ಕಲ್ಲುಚೂರು ಸರಿಸಿ ಸಂಸಾರ ಹೂಡಿತ್ತು. ಮಣ್ಣಿನ ಬಣ್ಣದ ಮೊಟ್ಟೆಗಳು. ಮಾಸ್ತರಿಗೆ ಕಾಣಿಸಲಿಲ್ಲ. ಮೊಮ್ಮಗಳು ಅವರ ಬೆರಳು ಹಿಡಿದು ಹತ್ತಿರ ಒಯ್ದು ತೋರಿಸಿದಳು. ತಾಯಿಹಕ್ಕಿ ತಲೆಯ ಮೇಲೆ ಹಾರುತ್ತಾ ಬಾಯಿಗೆ ಬಂದಂತೆ ಬೈಯುತ್ತಿತ್ತು.

"ಅಜ್ಜ, ಸುತ್ತಲೂ ಕೋಲು ನೆಡೋಣ. ಕೆಂಪು ಬಟ್ಟೆ ಕಟ್ಟೋಣ."

"ಕೋಲು ನೆಟ್ಟರೆ ಬೆಕ್ಕಿಗೆ ವಿಳಾಸ ಕೊಟ್ಟ ಹಾಗೆ. ನಿಮ್ಮಜ್ಜ ಯಾವತ್ತಾದರೂ ಗುರುತು ಹಾಕಿ ಕತ್ತರಿಸಿದ್ದು ನೋಡಿದ್ದೀಯಾ? ಸುಮ್ನೆ ನೋಡು."

ಗೋಡೆಯಿಂದ ಹೆಜ್ಜೆಯಳೆದು, ಪಾದದಲ್ಲೇ ನೆಲ ಸವರಿ, ಮೊಟ್ಟೆಯ ಸುತ್ತ ಒಂದು ದೊಡ್ಡ ಸುತ್ತು ಹುಲ್ಲು ಬಿಟ್ಟು ಮೆಷಿನ್ನು ಬಳಸಿಕೊಂಡು ಬಂದರು. ಕಾಲರು ಕತ್ತರಿಸಿದಷ್ಟು ದುಂಡಗೆ. "ಯಾರಿಗೂ ಹೇಳಬೇಡ. ನಿಮ್ಮಪ್ಪ ಫೋಟೋ ತೆಗೀತೀನಿ ಅಂತ ಹಕ್ಕಿ ಓಡಿಸ್ತಾನೆ. ನಿನಗೆ ಗೊತ್ತು, ನನಗೆ ಗೊತ್ತು. ಅಷ್ಟೇ."

ಬಾಬಿನ್ ಏನೋ ಹೇಳಲು ಬಾಯಿ ತೆರೆದಳು. "ಅಜ್ಜ, ಬುಧವಾರ..." ಎಂದು ತಡೆದಳು.

"ಬುಧವಾರ ಏನು?"

"ಏನಿಲ್ಲ."

ಮುಂದಿನ ಭಾನುವಾರ ಮಾಸ್ತರು ಮರಿ ಬಂದಿರಬಹುದೇನೋ ನೋಡೋಣ ಬಾ ಎಂದು ಕರೆದರೆ ಬಾಬಿನ್‌ಗೆ ಹೊಟ್ಟೆನೋವು. ಹೊದಿಕೆ ತಲೆಯವರೆಗೆ ಎಳೆದುಕೊಂಡು ಮಲಗಿದ್ದಳು. ಅವರೊಬ್ಬರೇ ಹೋದರು. ಸುತ್ತು ಸಿಗಲಿಲ್ಲ. ಮೂಲೆಯಿಂದ ಮೂಲೆಗೆ ಹುಲ್ಲು ಒಂದೇ ಸಮ. ಬೈಯುವ ಹಕ್ಕಿಯೂ ಇಲ್ಲ. ಮೊಣಕಾಲೂರಿ ಅಂಗೈಯಲ್ಲಿ ಸವರುತ್ತಾ ಹೋದಾಗ ಬೆರಳಿಗೆ ಚೂರು ಚುಚ್ಚಿತು. ಕಣ್ಣ ಹತ್ತಿರ ಹಿಡಿದು ನೋಡಿದರು. ಮೊಟ್ಟೆಯ ಸಿಪ್ಪೆ.

ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಂಗೈ ಚಾಚಿ ಅವರು ಕೇಳಿದ್ದು ಒಂದೇ ಮಾತು. "ಇದರ ಮೇಲೆ ಮೆಷಿನ್ನು ಹಾಯಿಸಿದ್ದು ನಾನೇನಾ?"

ಮಗ, ಸೊಸೆ, ಹೆಂಡತಿ ಮೂವರೂ ಅಲ್ಲಿದ್ದರು. ಬಾಬಿನ್ ಎದ್ದು ಬಂದು ಅಜ್ಜಿಯ ಬೆನ್ನಿಗೆ ಅಂಟಿಕೊಂಡಿದ್ದಳು. ಒಲೆಯ ಮೇಲೆ ಬೇಳೆ ಉಕ್ಕಿತು, ಯಾರೂ ಇಳಿಸಲಿಲ್ಲ.

"ಹೋಗ್ಲಿ ಬಿಡಿ ಅಪ್ಪ," ಎಂದ ಮಗ. "ಬೇಕು ಅಂತ ಯಾರು ಮಾಡ್ತಾರೆ?"

"ನಾನು ಸುತ್ತು ಬಿಟ್ಟಿದ್ದೆನಲ್ಲೋ. ದುಂಡಗೆ ಬಿಟ್ಟಿದ್ದೆ. ಆ ಸುತ್ತೆಲ್ಲಿ ಹೋಯ್ತು?"

"ಒಂದು ಕಡೆ ಜುಟ್ಟಿನ ಹಾಗೆ ನಿಂತಿತ್ತು ಕಣ್ರೀ," ಎಂದಳು ಹೆಂಡತಿ ಒಲೆಯ ಕಡೆ ತಿರುಗಿ. "ಕುಡುಗೋಲಲ್ಲಿ ನಾನೇ ಕೊಯ್ದುಬಿಟ್ಟೆ. ಅದರೊಳಗೆ ಏನೂ ಇರಲಿಲ್ಲ."

ಮಾಸ್ತರು ಮೊಮ್ಮಗಳನ್ನು ನೋಡಿದರು. "ಬಾಬಿನ್, ನೀನು ಹೇಳು ಮಗಳೇ. ಅಜ್ಜ ತಪ್ಪು ಜಾಗ ಬಿಟ್ಟಿದ್ನಾ?"

ಅಜ್ಜಿಯ ಕೈ ಹುಡುಗಿಯ ಭುಜದ ಮೇಲಿತ್ತು. "ಹೂಂ ಅಜ್ಜ," ಎಂದಳು. "ನೀವು ಬೇರೆ ಕಡೆ ಬಿಟ್ಟಿದ್ರಿ."

ಅಲ್ಲಿಗೆ ಮುಗಿಯಿತು. ಮಗನೊಬ್ಬನೇ ಹೇಳಿದ್ದರೆ ಜಗಳವಾಡುತ್ತಿದ್ದರು, ಹೆಂಡತಿಯೊಬ್ಬಳೇ ಹೇಳಿದ್ದರೆ ನೀನೇನು ಕಂಡೆ ಎನ್ನುತ್ತಿದ್ದರು. ಬಾಬಿನ್ ಹೇಳಿದಳು ಎಂದರೆ ಮುಗಿಯಿತು. ಸಿಪ್ಪೆಯ ಚೂರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮೆಷಿನ್ನನ್ನು ಕೊಟ್ಟಿಗೆಯೊಳಗೆ ತಳ್ಳಿ ಚಿಲಕ ಹಾಕಿದರು.

ಬುಧವಾರ ಅಂಗಡಿಗೇನೋ ಹೋದರು. ಮೇಜಿನ ಮೇಲೆ ಬೂದು ಬಣ್ಣದ ಉಣ್ಣೆಯ ಬಟ್ಟೆ ಹಾಸಿತ್ತು. ಅಂಗೈಯಲ್ಲಿ ಸವರಿದರು, ಕತ್ತರಿ ಬಾಯಿ ತೆರೆದರು, ಹಾಗೇ ನಿಂತರು.

"ಯಾಕೆ ಗುರುಗಳೇ?" ಎಂದ ಮಾಲೀಕ.

"ಕೈ ಸುಳ್ಳು ಹೇಳೋಕೆ ಶುರು ಮಾಡಿದೆ ಕಣೋ. ದುಬಾರಿ ಬಟ್ಟೆ, ನಿನಗ್ಯಾಕೆ ನಷ್ಟ." ಮೊದಲ ಸಂಬಳದಲ್ಲಿ ಕೊಂಡಿದ್ದ ಆ ದೊಡ್ಡ ಕತ್ತರಿಯನ್ನು ಮೇಜಿನ ಮೇಲಿಟ್ಟರು. "ಯಾರಾದ್ರೂ ಹುಡುಗನಿಗೆ ಕೊಡು. ಮನೇಲಿಟ್ಟರೆ ತುಕ್ಕು ಹಿಡಿಯುತ್ತೆ."

ಮನೆಯಲ್ಲಿ ಅವರ ಗಂಟಲೇ ಅಡಗಿಹೋಯಿತು. ಉಪ್ಪು ಹೆಚ್ಚಾದರೂ ಮಾತಿಲ್ಲ, ಕಮ್ಮಿಯಾದರೂ ಮಾತಿಲ್ಲ. ಒಂದು ದಿನ ಸೊಸೆ ಮೊಟ್ಟೆ ಬೇಯಿಸಿದ್ದಳು. ತಟ್ಟೆ ನೋಡಿ ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಗ್ಲಾಸು ಎತ್ತುವಾಗಲೂ ಎರಡು ಕೈ. ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುವುದು. ಹುಲ್ಲು ಪಾದ ಮುಚ್ಚುವ ಹೊತ್ತಿಗೆ ಅವರೇ ಹೇಳಿದರು. "ಆಳು ಇಡೋಣ ಅಂದಿದ್ಯಲ್ಲ, ಇಡಪ್ಪ. ನನ್ನ ಕೈಲಾಗಲ್ಲ."

"ನೀವು ಬೇಜಾರು ಮಾಡ್ಕೋಬಾರ್ದು..." ಎಂದ ಮಗ.

"ಜೀವ ತೆಗೆದವನಿಗೆ ಎಂಥ ಬೇಜಾರು," ಎಂದು ಅವರು ಹೊರಗೆ ಹೋಗಿ ಕೂತರು. ಆ ಮಾತು ಕೇಳಿಯೂ ಒಬ್ಬರ ಬಾಯಿಂದಲೂ ನಿಜ ಹೊರಬೀಳಲಿಲ್ಲ.

ಭಾನುವಾರ ಆಳು ಬಂದ. ಮಗ ಹೊಸಿಲಲ್ಲಿ ನಿಂತು, ಬೇಕಾದ್ದಕ್ಕಿಂತ ಜೋರಾಗಿ, "ಬಾಪ್ಪಾ, ಬಾ! ಇದೇ ನೋಡು ನಮ್ಮನೆ! ಹುಡುಕೋದು ಕಷ್ಟ ಆಯ್ತಾ?" ಎಂದ. ನಾಟಕದಲ್ಲಿ ಮೊದಲ ಸಲ ಪಾತ್ರ ಸಿಕ್ಕವನ ಹಾಗಿತ್ತು.

ಆ ಮನೆಯ ಗೇಟು ಒಂದು ವಿಚಿತ್ರ. ಕೀಲು ಕುಸಿದಿತ್ತು. ಎಡಗೈಯಲ್ಲಿ ಮೇಲಕ್ಕೆತ್ತಿ, ಮೊಣಕಾಲಲ್ಲಿ ಒತ್ತಿ, ಆಮೇಲೆ ತಳ್ಳಬೇಕು. ಬ್ಯಾಂಕಿನವರು ಇಷ್ಟು ವರ್ಷವಾದರೂ ಹೊರಗೆ ನಿಂತು ಕೂಗುತ್ತಾರೆ. ಈ ಹುಲ್ಲಿನವನು ಎತ್ತಿದ, ಒತ್ತಿದ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಳಗೆ ಬಂದ. ಮಾಸ್ತರಿಗೆ ಮುಖ ಸರಿಯಾಗಿ ಕಾಣದಿದ್ದರೂ ಗೇಟು ಕಿರುಗುಟ್ಟದೇ ಇದ್ದದ್ದು ಕೇಳಿಸಿತು. ಆಮೇಲೆ ಅವನು ಯಾರನ್ನೂ ಕೇಳದೆ ಮನೆಯ ಹಿಂದೆ ಹೋಗಿ, ಡ್ರಮ್ಮಿನ ಮರೆಯಲ್ಲಿದ್ದ ನಲ್ಲಿಯಲ್ಲಿ ಕೈತೊಳೆದುಕೊಂಡು ಬಂದ.

ಮಾಸ್ತರು ಕುರ್ಚಿಯಿಂದ ಎದ್ದು ಅವನ ಹತ್ತಿರ ಹೋದರು. "ಏನಪ್ಪಾ, ಎಷ್ಟು ದಿನದಿಂದ ಬರ್ತಿದ್ದೀಯ ಇಲ್ಲಿಗೆ?"

ಅವನು ಅಡುಗೆಮನೆಯ ಕಿಟಕಿಯ ಕಡೆ ನೋಡಿದ. "ಇವತ್ತೇ ಯಜಮಾನ್ರೇ."

"ಮೊದಲ ಸಲ ಬಂದವನಿಗೆ ನಮ್ಮ ಗೇಟು ತೆಗೆಯೋಕೆ ಬರಲ್ಲ ಕಣಪ್ಪ. ನನ್ನ ಕಣ್ಣು ಮಾತ್ರ ಹೋಗಿರೋದು, ತಲೆ ಅಲ್ಲ."

ಅವನು ಒದ್ದೆ ಕೈ ಒರೆಸಿಕೊಂಡ. "ಅಮ್ಮಾವ್ರು ಹೇಳ್ಬೇಡ ಅಂದಿದ್ರು. ನನಗೆ ಇದೆಲ್ಲ ಸರಿಹೋಗಲ್ಲ ಅಂತ ಅವತ್ತೇ ಅಂದೆ. ನೀವು ಬುಧವಾರ ಅಂಗಡಿಗೆ ಹೋದ ಮೇಲೆ ಬರ್ತಿದ್ದೆ. ಭಾನುವಾರ ನೀವು ಕೊಯ್ದಿರ್ತಿದ್ರಲ್ಲ, ಅದರಲ್ಲಿ ಅಲ್ಲಲ್ಲಿ ಗೆರೆ ಗೆರೆ ಉಳಿದಿರ್ತಿತ್ತು. ಅದನ್ನ ಸರಿಮಾಡಿ ಹೋಗೋದು ನನ್ನ ಕೆಲಸ."

"ತುಂಬಾ ಉಳೀತಿತ್ತಾ?"

"ತುಂಬಾನೇ ಯಜಮಾನ್ರೇ."

ಮಾಸ್ತರು ತಲೆಯಾಡಿಸಿದರು. ಬೀದಿಯಲ್ಲಿ ನಿಂತು ಕೊಚ್ಚಿಕೊಂಡದ್ದೆಲ್ಲ ನೆನಪಾಗಿ ಕಿವಿ ಬಿಸಿಯಾಯಿತು. ಬ್ಯಾಂಕಿನವರಿಗೂ ಗೊತ್ತಿತ್ತು! ಇಡೀ ಬೀದಿ ಕಿವಿಯ ಮೇಲೆ ಹೂವಿಟ್ಟಿತ್ತು, ತಾವು ಆ ಹೂವನ್ನು ಸರಿಮಾಡಿಕೊಂಡು ತಿರುಗಿದ್ದರು.

"ಆ ಮೊಟ್ಟೆ ವಿಷಯಕ್ಕೆ ಮಾತ್ರ ನನ್ನ ಮೇಲೆ ಬೇಜಾರು ಇಟ್ಕೋಬೇಡಿ," ಎಂದ ಹುಲ್ಲಿನವನು. "ಮೂಲೇಲಿ ಒಂದು ಸುತ್ತು ಹುಲ್ಲು ಉಳಿದಿತ್ತು. ಇದೂ ನೀವು ಬಿಟ್ಟುಹೋಗಿದ್ದು ಅಂದ್ಕೊಂಡು ಹಾಯಿಸಿಬಿಟ್ಟೆ. ಹಕ್ಕಿ ಕಿರುಚ್ತಾನೇ ಇತ್ತು, ಮೆಷಿನ್ ಸದ್ದಲ್ಲಿ ಕೇಳಲಿಲ್ಲ. ಅವತ್ತೇ ಅಮ್ಮಾವ್ರಿಗೆ ತೋರಿಸಿ ಮಣ್ಣು ಮಾಡಿದೆ. ಊಟ ಸೇರಲಿಲ್ಲ ನನಗೆ."

ಮಾಸ್ತರು ಬೇಲಿಯ ಕಂಬ ಹಿಡಿದುಕೊಂಡರು. "ನೀನಾ?"

"ನಾನೇ. ನಿಮಗೆ ಹೇಳಿಲ್ವಾ ಅವರು?"

"ಮೊಟ್ಟೆ ಎಲ್ಲಿತ್ತು? ಸುತ್ತಿನ ಹೊರಗಾ, ಒಳಗಾ?"

"ಒಳಗೇ ಯಜಮಾನ್ರೇ. ಸರಿಯಾಗಿ ನಡುವೆ."

ಸರಿಯಾಗಿ ನಡುವೆ! ಕೈ ಸುಳ್ಳು ಹೇಳಿರಲಿಲ್ಲ. ಕುಣಿದಾಡಬೇಕಾದ ಸುದ್ದಿ ಅದು. ಮಾಸ್ತರು ಅಡುಗೆಮನೆಯ ಕಿಟಕಿಯ ಕಡೆ ತಿರುಗಿದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಮೂರು ವಾರ ಕೊರಗಿದ್ದು ತಾವು, ಎದುರಿಗೆ ಕೂತು ಉಂಡೆದ್ದದ್ದು ಮನೆಯವರು.

ಮಧ್ಯಾಹ್ನ ಅವರು ಎಲ್ಲರಿಗಿಂತ ಮೊದಲು ಬಂದು ಕೂತರು. ಈ ಸಲ ಅರ್ಧಕ್ಕೆ ಏಳಲಿಲ್ಲ. ಬಡಿಸಿದ್ದನ್ನೆಲ್ಲ ಉಂಡು, ಕೈತೊಳೆದು ಬಂದು ಮತ್ತೆ ಅದೇ ಜಾಗದಲ್ಲಿ ಕೂತರು. ಹುಲ್ಲಿನವನ ಜೊತೆ ಅವರು ನಿಂತದ್ದನ್ನು ಎಲ್ಲರೂ ಕಿಟಕಿಯಿಂದ ನೋಡಿದ್ದರು.

"ಹೇಳಿಬಿಟ್ನಾ?" ಎಂದಳು ಹೆಂಡತಿ ಸಣ್ಣ ದನಿಯಲ್ಲಿ.

"ಅವನು ಹೇಳಿದ. ನೀನು ಯಾವಾಗ ಹೇಳ್ತೀಯ ಅಂತ ಕಾಯ್ತಿದ್ದೀನಿ. ಕುಡುಗೋಲು ಎಲ್ಲಿಟ್ಟಿದ್ದೀಯೇ? ತೋರಿಸು. ನಮ್ಮನೇಲಿ ಕುಡುಗೋಲು ಇದೆ ಅಂತ ನನಗೆ ಗೊತ್ತೇ ಇರಲಿಲ್ಲ."

"ನಿಮಗೆ ನೋವಾಗ್ಬಾರ್ದು ಅಂತ ಕಣ್ರೀ..."

"ನನಗೆ ನೋವಾಗ್ಬಾರ್ದು ಅಂತ ಕೊಲೆ ನನ್ನ ತಲೆಗೆ ಕಟ್ಟಿದ್ರಾ?"

"ಅಪ್ಪ, ಹೇಳಿದ್ರೆ ನೀವು ಮನೇನೇ ತಲೆಕೆಳಗು ಮಾಡ್ತಿದ್ರಿ," ಎಂದ ಮಗ.

"ಮಾಡ್ತಿದ್ದೆ! ಒಂದು ದಿನ ಕಿರುಚಾಡಿ ಮರುದಿನ ಟೀ ಕೇಳ್ತಿದ್ದೆ. ಇಷ್ಟು ವರ್ಷ ಅದನ್ನೇ ತಾನೇ ಮಾಡಿದ್ದು ನಾನು?"

ಸೊಸೆ ತಟ್ಟೆ ಕೆಳಗಿಟ್ಟಳು. "ಆಳು ತರಿಸಿದ್ದು ನಾನು ಮಾವ. ದುಡ್ಡೂ ನಂದೇ. ಬೆರಳು ಹೋದವರ ಕಾಲು ದಿನಾ ನೋಡ್ತೀನಿ ನಾನು. ಬೈಯೋದಿದ್ರೆ ನನಗೆ ಬೈಯಿರಿ. ಆ ಮೊಟ್ಟೆ ವಿಷಯದಲ್ಲಿ... ಇದೊಂದು ಸಲ ಸುಮ್ನಿದ್ರೆ ನೀವೇ ಮೆಷಿನ್ ಬಿಡ್ತೀರ ಅಂತ ಅನ್ನಿಸ್ತು. ತಪ್ಪಾಯ್ತು."

"ನೀನು ಕಾಲಿನ ಬಗ್ಗೆ ಹೇಳಿದ್ದು ನಿಜ ಕಣಮ್ಮ. ನನ್ನ ಕಣ್ಣು ಹೋಗಿದೆ. ಇವತ್ತು ಅವನು ಮುಖಕ್ಕೆ ಹೊಡೆದ ಹಾಗೆ ಹೇಳಿದ, ನಾನು ಸತ್ತುಹೋದ್ನಾ? ಇಲ್ಲವಲ್ಲ." ಅವರು ಮೊಮ್ಮಗಳ ಕಡೆ ತಿರುಗಿದರು. "ಕಣ್ಣು ಹೋದವನಿಗೆ ಮನೆಯವರ ಮಾತೇ ಕಣ್ಣು. ಅದನ್ನೂ ಕಿತ್ಕೊಂಡ್ರಲ್ಲ. ಈ ಮಗುವಿನ ಬಾಯಿಂದ ಹೇಳಿಸಿದ್ರಲ್ಲ!"

ಬಾಬಿನ್ ಬಿಕ್ಕಳಿಸತೊಡಗಿದಳು. "ಅಜ್ಜಿ ಹೇಳು ಅಂದ್ರು ಅಜ್ಜ. ನನಗೆ ಮೊಟ್ಟೆ ವಿಷಯ ಅಮ್ಮನಿಗೆ ಹೇಳ್ಬಾರ್ದು, ಬುಧವಾರದ ವಿಷಯ ನಿಮಗೆ ಹೇಳ್ಬಾರ್ದು..."

ಮಾಸ್ತರು ಅವಳ ತಲೆ ಸವರಿದರು. "ನಿನ್ನ ತಪ್ಪಿಲ್ಲ ಬಿಡು" ಎಂದರು. ಎತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳಲಿಲ್ಲ.

ಮಾರನೆಯ ದಿನವೇ ಮಗ ಅಂಗಡಿಗೆ ಓಡಿದ. ಕತ್ತರಿಯನ್ನು ಆಗಲೇ ಒಬ್ಬ ಹೊಸ ಹುಡುಗ ತನ್ನ ಕೈಗೆ ತಕ್ಕಂತೆ ಸಾಣೆ ಹಿಡಿಸಿಕೊಂಡಿದ್ದ. ಮಾಲೀಕ ಅದನ್ನೇ ಒರೆಸಿ ಕಳಿಸಿದ. ಮಾಸ್ತರು ಕತ್ತರಿಯ ಅಲಗಿಗೆ ಬೆರಳಾಡಿಸಿ ನೋಡಿ, "ಇದು ನನ್ನದಲ್ಲ, ವಾಪಸ್ ಕೊಟ್ಟು ಬಾ" ಎಂದರು. ಹೆಂಡತಿ ಎರಡು ದಿನ ಊಟ ಬಿಟ್ಟು ಅತ್ತಳು. ಮೂರನೆಯ ದಿನ ಅವರೇ ತಟ್ಟೆ ಎದುರಿಗಿಟ್ಟು, "ಉಣ್ಣು, ನೀನು ಮಲಗಿದ್ರೆ ಟೀ ಯಾರು ಮಾಡ್ತಾರೆ" ಎಂದರು. ಮಾತು ಶುರುವಾಯಿತು. ಉಪ್ಪಿನ ದೂರೂ ಶುರುವಾಯಿತು. ಹುಲ್ಲಿನವನು ಭಾನುವಾರ ಭಾನುವಾರ ರಾಜಾರೋಷವಾಗಿ ಬರತೊಡಗಿದ. ಎಲ್ಲ ಮೊದಲಿನಂತಾಯಿತು ಎಂದು ಮನೆಯವರು ನೆಮ್ಮದಿಯ ಉಸಿರು ಬಿಟ್ಟರು.

ಒಂದು ಭಾನುವಾರ ಮಗನ ಆಫೀಸಿನ ಕೋಟಿನ ಗುಂಡಿ ಕಿತ್ತುಬಂತು. "ಕೊಡಿಲ್ಲಿ" ಎಂದು ಮಾಸ್ತರು ಹೊಸಿಲ ಬಳಿ ಕುರ್ಚಿ ಎಳೆದುಕೊಂಡು ಕೂತರು. ಸೂಜಿಪೆಟ್ಟಿಗೆ ಕಂಡದ್ದೇ ತಡ, ಬಾಬಿನ್ ಹಾರಿ ಬಂದಳು. ಎಷ್ಟೋ ದಿನದಿಂದ ಕಾಯುತ್ತಿದ್ದಳು. ಕಪ್ಪು ದಾರ, ನೀಲಿ ದಾರ ಎರಡನ್ನೂ ಬೆಳಕಿಗೆ ಹಿಡಿದು ನೋಡಿ, ಒಂದನ್ನು ಆರಿಸಿ, ತುದಿ ನಾಲಗೆಗೆ ತಾಗಿಸಿ ಪೋಣಿಸಿ ಕೊಟ್ಟಳು.

"ಯಾವುದು ಹಾಕಿದೆ?"

"ಕಪ್ಪು ಅಜ್ಜ. ಕೋಟೂ ಕಪ್ಪೇ."

ಮಾಸ್ತರು ಸೂಜಿಯನ್ನು ಕೋಟಿಗೆ ಚುಚ್ಚಿದರು. ಕೈ ಅಲ್ಲೇ ನಿಂತಿತು. ದಾರವನ್ನು ಮೂಗಿನ ಹತ್ತಿರ ತಂದು ನೋಡಿದರು. ಕಿಟಕಿಯ ಕಡೆ ಹಿಡಿದು ನೋಡಿದರು. ಆಮೇಲೆ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಎದ್ದು, ಗೋಡೆ ಹಿಡಿದು ಮೆಟ್ಟಿಲಿಳಿದು ಅಂಗಳಕ್ಕೆ ಹೋದರು. ಹುಲ್ಲಿನವನು ಮೆಷಿನ್ನು ನಿಲ್ಲಿಸಿ ಬೆವರು ಒರೆಸಿಕೊಂಡ.

"ಇದು ಯಾವ ಬಣ್ಣದ ದಾರ ನೋಡಪ್ಪ?"

"ಕಪ್ಪು ಯಜಮಾನ್ರೇ."

"ಸರಿ" ಎಂದು ಮಾಸ್ತರು ಬೇಲಿಯ ಪಕ್ಕದ ಕಲ್ಲಿನ ಮೇಲೆ ಕೂತು ಗುಂಡಿ ಹೊಲಿಯತೊಡಗಿದರು. ಹೊಸಿಲಲ್ಲಿ ಬಾಬಿನ್ ಸೂಜಿಪೆಟ್ಟಿಗೆ ಹಿಡಿದುಕೊಂಡು ನಿಂತಿದ್ದಳು. ಕಪ್ಪು ಎಂದೇ ಅವಳೂ ಹೇಳಿದ್ದಳು.